ಕುದುರೆ ಕಂಡರೆ ಕಾಲುನೋವು

ಚಿತ್ರದುರ್ಗದ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ನಮ್ಮ ಮೇಲೆ ಕಾರುತ್ತವೆ. ಇಂಥ ಏಪ್ರಿಲ್‌ನಲ್ಲಿ ಅಕ್ಕನ ಮಗ ಬೆಂಗಳೂರಿಂದ ಬಂದು, "ಮಾಮ, ಜೋಗಿಮಟ್ಟಿಗೆ ಟ್ರೆಕ್ಕಿಂಗ್ ಹೋಗೋಣ" ಎಂದ. ಮೇಲಿನ ತನಕ ರಸ್ತೆ ಇದೆಯಲ್ಲೋ ಎಂದೆ. "ಗಾಡೀಲಿ ಹೋದ್ರೆ ಅದು ಟ್ರೆಕ್ಕಿಂಗಾ?" ನಾವು ಚಿಕ್ಕವರಿದ್ದಾಗ ಇದನ್ನು ಗುಡ್ಡ ಹತ್ತೋದು ಅನ್ನುತ್ತಿದ್ದೆವು. ಬರಿಗಾಲೇ ಸಾಕಾಗುತ್ತಿತ್ತು. ಹೆಸರು ಬದಲಾದ ಮೇಲೆ ಶೂ ಬೇಕಾಗಿದೆ.

ಬೆಳಗಿನ ಜಾವವೇ ಹೊರಟೆವು. ಜೋಗಿಮಟ್ಟಿ ಈಗ ವನ್ಯಧಾಮ. ಕರಡಿ, ಚಿರತೆ ಇವೆ. ನಮಗೆ ಕಂಡಿದ್ದು ನವಿಲು ಮಾತ್ರ, ಅದೂ ಬೆನ್ನು ತೋರಿಸಿ ಹೋಯಿತು. ಇದನ್ನು ನಮ್ಮ ಕಡೆಯವರು ಊಟಿ ಅನ್ನುತ್ತಾರೆ. ಊಟಿಗೆ ಹೋಗದವರು ಇಟ್ಟ ಹೆಸರಿರಬೇಕು ಎಂದು ನಗುತ್ತಿದ್ದೆ. ಮೇಲೆ ಬಂದು ಆ ಗಾಳಿ ಬೆವರಿಗೆ ತಾಗಿದಾಗ ಮಾತು ಹಿಂದಕ್ಕೆ ತಗೊಂಡೆ. ಸುತ್ತಲ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಧಾನಕ್ಕೆ ಕೈ ಬೀಸುತ್ತಿದ್ದವು. ಮಂಡಕ್ಕಿ, ಮೆಣಸಿನಕಾಯಿ ಖಾಲಿಯಾಯಿತು.

ಹತ್ತುವಾಗ ಉಸಿರು ಕೇಳುತ್ತೆ, ಇಳಿಯುವಾಗ ಮಂಡಿ ಮಾತಾಡುತ್ತೆ. ಊರು ಮುಟ್ಟುವ ಹೊತ್ತಿಗೆ ನನ್ನವು ಜಗಳಕ್ಕೇ ನಿಂತಿದ್ದವು. ಅಷ್ಟರಲ್ಲಿ ಒಂದು ಬಯಲಿನಲ್ಲಿ ಬಿಳಿ ಕುದುರೆ ಕಂಡಿತು. ಮದುವೆ ದಿಬ್ಬಣದ್ದು. ಕುದುರೆ ಕಂಡರೆ ಕಾಲುನೋವು ಅನ್ನುವ ಗಾದೆ ಕಟ್ಟಿದವನು ಖಂಡಿತ ಗುಡ್ಡ ಇಳಿದು ಬಂದಿದ್ದ.

"ಹತ್ತಣ್ಣ, ಏನೂ ಮಾಡಲ್ಲ. ಆದ್ರೆ ಎಡಗಡೆಯಿಂದ ಹತ್ತು" ಎಂದ ಕುದುರೆಯವನು. ಹಿಂದೆ ಸವಾರರ ಎಡ ಸೊಂಟದಲ್ಲಿ ಕತ್ತಿ ತೂಗುತ್ತಿತ್ತು. ಅದು ಕಾಲಿಗೆ ಅಡ್ಡ ಬರಬಾರದು ಅಂತ ಈ ರೂಢಿ ಬಂತಂತೆ. ನನ್ನ ಎಡ ಸೊಂಟದಲ್ಲಿದ್ದದ್ದು ನೀರಿನ ಬಾಟಲಿ.

ಮೇಲೆ ಕೂತ ಮೇಲೆ ಗೊತ್ತಾಯಿತು, ಕುದುರೆ ಎಷ್ಟು ಎತ್ತರ ಅಂತ. ನಾಲ್ಕು ಹೆಜ್ಜೆ ಹೋಯಿತು, ನಿಂತಿತು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಂತಿತು. ಲಗಾಮು ಎಳೆದೆ, ಬೇಡಿಕೊಂಡೆ. "ಅದಕ್ಕೆ ದಿಬ್ಬಣದ ಅಭ್ಯಾಸ ಅಣ್ಣ. ಹುಡುಗರು ಕುಣಿಯೋಕೆ ಅಂತ ನಿಲ್ಲುತ್ತೆ." ಅಳಿಯ ಮೊಬೈಲಲ್ಲಿ ತಮಟೆ ಸದ್ದು ಹಾಕಿದ. ಆಗ ಹೊರಟಿತು. ಜೀನು ಹಿಡಿದುಕೊಂಡು, ಮಧ್ಯವಯಸ್ಸಿನ ಮದುಮಗನ ಹಾಗೆ ಬಯಲು ಸುತ್ತಿದೆ.

ಎದುರಿಗೆ ಏಳು ಸುತ್ತಿನ ಕೋಟೆ. 1779ರಲ್ಲಿ ಹೈದರಾಲಿ ಇದನ್ನು ಗೆದ್ದ. ಅದಕ್ಕೆ ಮುಂಚೆ ಎಷ್ಟು ಸಲ ಬಂದು ಸುಸ್ತಾಗಿದ್ದನೋ! ಅವನ ಕುದುರೆ ದಂಡು ಬಯಲಲ್ಲಿ ಮಹಾ ಚುರುಕು. ನಾಲ್ಕು ಕಾಲಿನ ಓಟವೇ ನಾಗಾಲೋಟ, ಅಲ್ವಾ? ಆದರೆ ಈ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ದಾರಿ ತಟ್ಟನೆ ಪಕ್ಕಕ್ಕೆ ತಿರುಗುತ್ತದೆ. ಆನೆ, ಕುದುರೆ ಓಡಿ ಬಂದು ಗುದ್ದಬಾರದು ಅಂತಲೇ ಹಾಗೆ ಕಟ್ಟಿದ್ದು. ಕುದುರೆಯಿಂದ ಇಳಿಸಿ ನಡೆಸುವುದು ಈ ಊರಿನ ಹಳೇ ಚಾಳಿ.

ನಾನೂ ಇಳಿದೆ. ಎರಡು ಕಾಲು ಎರಡು ದಿಕ್ಕಿಗೆ ಹೋದವು. ಕುದುರೆ ಅಲ್ಲೇ ನಿಂತು ಕಣ್ಣು ಮುಚ್ಚಿತು. ಹಿಂಗಾಲಿನ ಮಂಡಿಚಿಪ್ಪಿಗೆ ಬೀಗ ಹಾಕಿಕೊಂಡು ನಿಂತಲ್ಲೇ ತೂಕಡಿಸುವ ಪ್ರಾಣಿ ಅದು. ಹೊಟ್ಟೆಕಿಚ್ಚಾಯಿತು. ಬೆನ್ನು ತಟ್ಟಲು ಹೋದೆ.

"ಮಲಗ್ಲಿ ಬಿಡಣ್ಣ" ಎಂದ ಅವನು. "ರಾತ್ರಿ ಎರಡು ಮದುವೆ ಇದಾವೆ."