ಸಲಹೆ ಕೊಡಿ, ಮತ ಕೇಳಬೇಡಿ

ಅಮೆರಿಕದ ಇನ್ನೊಂದು ಕಾಲೇಜು ಪಟ್ಟಣಕ್ಕೆ ಜ್ಞಾನೋದಯವಾಗಿದೆ. ಊರಿನಲ್ಲಿ ವಿದ್ಯಾರ್ಥಿಗಳೂ ವಾಸವಾಗಿದ್ದಾರೆ ಎಂಬ ಸಂಗತಿ ನಗರಸಭೆಯ ಗಮನಕ್ಕೆ ಬಂದು, ಅವರಿಗಾಗಿ ಒಂದು ವಿದ್ಯಾರ್ಥಿ ಸಲಹಾ ಆಯೋಗ ರಚಿಸುವುದೆಂದು ತೀರ್ಮಾನವಾಗಿದೆ. ಪಟ್ಟಣದ ಹೆಸರು ಬೇಡ. ಇಂಥ ಆಯೋಗಗಳ ನಿರ್ಣಯಗಳಲ್ಲಿ ಊರಿನ ಹೆಸರೊಂದನ್ನು ಬದಲಿಸಿದರೆ ಉಳಿದದ್ದೆಲ್ಲ ಹೆಚ್ಚು ಕಡಿಮೆ ಅದೇ. ಸದಸ್ಯರನ್ನು ನೇಮಿಸುವವರು ಮೇಯರ್, ಸಭೆ ತಿಂಗಳಿಗೊಮ್ಮೆ, ಅಧಿಕಾರ ಸೊನ್ನೆ. ಆಯೋಗ ಸಲಹೆ ಕೊಡುತ್ತದೆ, ನಗರಸಭೆ ಧನ್ಯವಾದ ಹೇಳುತ್ತದೆ, ಕಡತ ಕಪಾಟಿಗೆ ಹೋಗುತ್ತದೆ.

ನನಗಂತೂ ಬಹಳ ಸಂತೋಷವಾಯಿತು. ಊರಿನ ಅರ್ಧದಷ್ಟು ಬಾಡಿಗೆ ಕಟ್ಟುವವರಿಗೆ, ಪಾರ್ಕಿಂಗ್ ದಂಡ ತೆರುವವರಿಗೆ, ಅಂಗಡಿಗಳಲ್ಲಿ ಹಗಲು ಗಿರಾಕಿಗಳೂ ಸಂಜೆ ಕೆಲಸಗಾರರೂ ಆಗಿರುವವರಿಗೆ, ಕೊನೆಗೂ ಮೂಲೆಯಲ್ಲೊಂದು ಕುರ್ಚಿ ಸಿಕ್ಕಿತಲ್ಲ! ಇಲ್ಲಿಯವರೆಗೆ ಅವರು ಎಲ್ಲರಂತೆ ಸಾರ್ವಜನಿಕರ ಸರದಿಯಲ್ಲಿ ನಿಂತು ಮಾತನಾಡಬೇಕಿತ್ತು. ಆ ಸರದಿಯನ್ನು ನೋಡಿದವರಿಗೆ ಗೊತ್ತು: ಮೈಕಿನ ಪಕ್ಕ ಪುಟ್ಟ ದೀಪದ ಪೆಟ್ಟಿಗೆ, ಮೂರು ನಿಮಿಷ ಹಸಿರು, ಆಮೇಲೆ ಹಳದಿ, ಕೆಂಪು ಬಂದರೆ ಮಾತು ಅರ್ಧಕ್ಕೆ ನಿಲ್ಲಬೇಕು. ಬಾಡಿಗೆಯ ವಿಷಯ ಎತ್ತುವಷ್ಟರಲ್ಲಿ ಹಳದಿ ಬಂದಿರುತ್ತದೆ. ಆಯೋಗದಲ್ಲಿ ದೀಪವಿಲ್ಲ. ಎಷ್ಟು ಹೊತ್ತು ಬೇಕಾದರೂ ಮಾತನಾಡಬಹುದು, ಏಕೆಂದರೆ ಕೇಳಬೇಕಾದವರು ಆ ಕೋಣೆಯಲ್ಲಿ ಇರುವುದೇ ಇಲ್ಲ.

ಜನಗಣತಿಯ ಹೊತ್ತಿಗೆ ಮಾತ್ರ ವಿದ್ಯಾರ್ಥಿಗಳ ಮೇಲೆ ಪ್ರೀತಿ ಉಕ್ಕುತ್ತದೆ. ವರ್ಷದ ಹೆಚ್ಚು ಕಾಲ ಎಲ್ಲಿರುತ್ತಾರೋ ಅಲ್ಲೇ ಎಣಿಸಬೇಕು ಎಂಬುದು ಅಲ್ಲಿನ ನಿಯಮ. ಹಾಗಾಗಿ ಏಪ್ರಿಲ್ 1ರ ಲೆಕ್ಕಕ್ಕೆ ಅವರೆಲ್ಲರೂ ಊರಿನ ಮಕ್ಕಳು. ತಲೆ ಹೆಚ್ಚಿದಷ್ಟೂ ಕೇಂದ್ರದ ಅನುದಾನಕ್ಕೆ ಅನುಕೂಲ. ಎಣಿಕೆ ಮುಗಿಯಿತೋ, ಅವರು ಮತ್ತೆ ಹೊರಗಿನವರು, ಇಂದು ಬಂದು ನಾಳೆ ಹೋಗುವವರು, ರಾತ್ರಿ ನಿದ್ದೆ ಕೆಡಿಸುವವರು.

ನಿದ್ದೆ ಎಂದೆನಲ್ಲ, ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಕಥೆ ನಿಮಗೆ ನೆನಪಿದ್ದೇ ಇರುತ್ತದೆ. ಅಲ್ಲಿನ ನೆರೆಹೊರೆಯವರು ಪರಿಸರ ಕಾಯ್ದೆ ಹಿಡಿದು ವಿಶ್ವವಿದ್ಯಾಲಯವನ್ನು ಕೋರ್ಟಿಗೆಳೆದರು. ಕಾರ್ಖಾನೆಯ ಹೊಗೆ, ಹೊಳೆಗೆ ಬಿಟ್ಟ ವಿಷ, ಇವೆಲ್ಲದರ ಸಾಲಿಗೆ ಹದಿನೆಂಟರ ಹುಡುಗ ಹುಡುಗಿಯರೂ ಸೇರಿದರು. ಒಟ್ಟು ವಿದ್ಯಾರ್ಥಿಗಳ ಸಂಖ್ಯೆಯನ್ನು 42,347ಕ್ಕೇ ನಿಲ್ಲಿಸಬೇಕೆಂಬ ಆದೇಶವನ್ನು 2022ರ ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಡೆಯಲಿಲ್ಲ. ಶಾಸಕರು ಎದ್ದುಬಿದ್ದು ಕಾಯ್ದೆ ತಿದ್ದಿದ ಮೇಲೆ ಆ ಸಂಕಟ ತಪ್ಪಿತು. ಅಷ್ಟಕ್ಕೆ ಮುಗಿಯಿತೇ? 2023ರಲ್ಲಿ ಮೇಲ್ಮನವಿ ನ್ಯಾಯಾಲಯ, ಹೊಸ ವಸತಿ ಕಟ್ಟಡಕ್ಕೆ ಮುನ್ನ ವಿದ್ಯಾರ್ಥಿಗಳ ಪಾರ್ಟಿಯ ಗದ್ದಲವನ್ನೂ ಪರಿಸರ ವರದಿಯಲ್ಲಿ ಪರಿಶೀಲಿಸಬೇಕಿತ್ತು ಎಂದಿತು. ಮನೆಯಲ್ಲಿ ವಾಸಿಸುವ ಮನುಷ್ಯರ ಸದ್ದು ಮಾಲಿನ್ಯವಲ್ಲ ಎಂದು ಬರೆದಿಡಲು ಕ್ಯಾಲಿಫೋರ್ನಿಯಾಕ್ಕೆ ಇನ್ನೊಂದು ಕಾನೂನೇ ಬೇಕಾಯಿತು. ಹಗಲೆಲ್ಲ ಜಗತ್ತಿನ ಪರಿಸರ ಉಳಿಸುವ ಪಾಠ, ರಾತ್ರಿ ಹಾಸ್ಟೆಲಿಗೆ ಬಂದರೆ ತಾವೇ ಮಾಲಿನ್ಯ.

ಇನ್ನು ಇಂಥ ಆಯೋಗ ಕೆಲಸ ಮಾಡುವ ಚಂದವನ್ನು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆಯಿದೆ. ಮುಚ್ಚಿದ ಬಾಗಿಲ ಹಿಂದೆ ಹಿರಿಯರು ಊರನ್ನು ಹಂಚಿಕೊಳ್ಳಬಾರದೆಂದು ಮಾಡಿದ ಒಳ್ಳೆಯ ಕಾಯ್ದೆ. ಅದು ಸಲಹಾ ಸಮಿತಿಗಳಿಗೂ ಅನ್ವಯ. ಸಾಮಾನ್ಯ ಸಭೆಗೆ 72 ಗಂಟೆ ಮೊದಲು ಕಾರ್ಯಸೂಚಿ ಅಂಟಿಸಬೇಕು, ಬಹುಮತದಷ್ಟು ಸದಸ್ಯರು ಸಭೆಯ ಹೊರಗೆ ಆ ವಿಷಯ ಚರ್ಚಿಸಬಾರದು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಎಂದು ಸರಪಳಿಯಾಗಿ ಹೇಳಿದರೂ ತಪ್ಪೇ. ಇದಕ್ಕೆ 2021ರಿಂದ ಜಾರಿಗೆ ಬಂದ ತಿದ್ದುಪಡಿಯೊಂದಿದೆ: ಸಾಮಾಜಿಕ ಜಾಲತಾಣದಲ್ಲಿ ಒಬ್ಬ ಸದಸ್ಯ ಸಮಿತಿಯ ವಿಷಯ ಬರೆದರೆ, ಇನ್ನೊಬ್ಬ ಸದಸ್ಯ ಉತ್ತರಿಸುವಂತಿಲ್ಲ, ಎಮೋಜಿಯನ್ನೂ ಒತ್ತುವಂತಿಲ್ಲ. ಗ್ರೂಪಿನಲ್ಲೇ ಎದ್ದು ಗ್ರೂಪಿನಲ್ಲೇ ಮಲಗುವ ವಯಸ್ಸಿನವರನ್ನು ಕರೆತಂದು, ಹೆಬ್ಬೆರಳೆತ್ತಿದರೆ ಕಾನೂನುಭಂಗ ಎಂದರೆ ಅವರು ಏನು ಮಾಡಬೇಕು? ಬಾಡಿಗೆಯ ಬಗ್ಗೆ ಗೆಳೆಯ ಹಾಕಿದ ಸಾಲನ್ನು ಓದಿ, ಬೆರಳು ಬಿಗಿಹಿಡಿದು, ಮುಂದಿನ ತಿಂಗಳ ಎರಡನೇ ಮಂಗಳವಾರದವರೆಗೆ ಸುಮ್ಮನಿರಬೇಕು. ಆ ಮಂಗಳವಾರ ಪರೀಕ್ಷೆ ಇರುತ್ತದೆ. ಕೋರಂ ಇರುವುದಿಲ್ಲ. ಬೇಸಿಗೆಯಲ್ಲಿ ಯಾರೂ ಇರುವುದಿಲ್ಲ. ನಿಯಮಾವಳಿ ಅರ್ಥವಾಗುವ ಹೊತ್ತಿಗೆ ಪದವಿ ಮುಗಿದಿರುತ್ತದೆ.

ಮನೆಯ ವಿಷಯವೊಂದನ್ನೇ ಹಿಡಿಯಿರಿ. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಪುಟ್ಟ ಊರು, ರಕ್ತಸಂಬಂಧವಿಲ್ಲದ ಇಬ್ಬರಿಗಿಂತ ಹೆಚ್ಚು ಜನ ಒಂದು ಮನೆಯಲ್ಲಿ ಒಟ್ಟಿಗೆ ಇರಕೂಡದು ಎಂದು ನಿಯಮ ಮಾಡಿತ್ತು. ಹತ್ತಿರದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಆರು ವಿದ್ಯಾರ್ಥಿಗಳು ಒಂದು ಮನೆ ಹಿಡಿದಿದ್ದರು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 1974ರಲ್ಲಿ ಊರೇ ಗೆದ್ದಿತು. ಜನ ಹೆಚ್ಚಿದರೆ ಕಾರು ಹೆಚ್ಚು, ಗದ್ದಲ ಹೆಚ್ಚು ಎಂಬುದು ತೀರ್ಪಿನ ವಾದ. ಅಂದಿನಿಂದ ಮೂವರೋ ನಾಲ್ವರೋ ಎಂಬ ಮಿತಿ ಹಾಕುವ ಕಾಲೇಜು ಪಟ್ಟಣಗಳಿಗೆ ಇದೇ ವೇದವಾಕ್ಯ. ಬಾಡಿಗೆ ಹಂಚಿಕೊಳ್ಳಲು ಐವರು ಸೇರಿದರೆ ಅಪರಾಧ, ಅದೇ ಐವರು ಸಲಹೆ ಕೊಡಲು ಸೇರಿದರೆ ಪ್ರಜಾಪ್ರಭುತ್ವ.

ಮಿಷಿಗನ್ ರಾಜ್ಯದ ಕಾಲೇಜು ಪಟ್ಟಣವಾದ ಆನ್ ಆರ್ಬರ್‌ನವರು ಇನ್ನೂ ಜಾಣರು. ವಾರ್ಡುಗಳು ಪೈ ಎಂಬ ತಿಂಡಿಯ ಹೋಳುಗಳ ಆಕಾರದಲ್ಲಿರಬೇಕು, ಮೊನೆ ಊರ ನಡುವಿಗೆ ಬರಬೇಕು ಎಂದು ಅವರ ನಗರ ಸನ್ನದಿನಲ್ಲೇ ಬರೆದಿದೆ. ಹಾಗಾಗಿ ನಡುವಿನ ಕ್ಯಾಂಪಸ್ಸಿನ ಸುತ್ತಲಿನ ವಿದ್ಯಾರ್ಥಿಗಳು ಬೇರೆ ಬೇರೆ ಹೋಳುಗಳಿಗೆ ಹಂಚಿಹೋಗುತ್ತಾರೆ. ನಗರಸಭೆಗೆ ಯಾರೆಂಬುದು ದಶಕಗಳಿಂದ ಬಹುಪಾಲು ತೀರ್ಮಾನವಾಗಿರುವುದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಆಗಸ್ಟ್ ತಿಂಗಳ ಪ್ರಾಥಮಿಕ ಚುನಾವಣೆಯಲ್ಲಿ. ಆಗಸ್ಟಿನಲ್ಲಿ ವಿದ್ಯಾರ್ಥಿಗಳು ಎಲ್ಲಿರುತ್ತಾರೆ ಎಂದು ಬೇರೆ ಹೇಳಬೇಕೇ? ಆದರೂ ಇದೇ ಊರಿನಲ್ಲಿ 1974ರಲ್ಲಿ ಕ್ಯಾಥಿ ಕೊಜಚೆಂಕೊ ಎಂಬ 21ರ ವಿದ್ಯಾರ್ಥಿನಿ ಚುನಾವಣೆಗೆ ನಿಂತು ಗೆದ್ದು ನಗರಸಭೆಯಲ್ಲಿ ಕೂತಿದ್ದರು. ಸಲಹೆ ಕೊಡಲು ಅಲ್ಲ, ಕೈಯೆತ್ತಿ ಮತ ಹಾಕಲು. ಅರ್ಧ ಶತಮಾನ ಮುಂದೆ ಬಂದು ನಾವು ಸಲಹೆಗೆ ಇಳಿದಿದ್ದೇವೆ, ಇದಕ್ಕೆ ಪ್ರಗತಿ ಎಂದು ಚಪ್ಪಾಳೆ ಬೇರೆ.

ವಿದ್ಯಾರ್ಥಿಗಳೇನು ಸಾಚಾಗಳಲ್ಲ. ಸ್ಥಳೀಯ ಚುನಾವಣೆಯ ದಿನ ಮತಗಟ್ಟೆಗೆ ಬನ್ನಿ ಎಂದರೆ ಮುಖ ತಿರುಗಿಸುತ್ತಾರೆ, ಬಯೋಡೇಟಾದಲ್ಲಿ 'ನಗರ ಆಯೋಗದ ಸದಸ್ಯ' ಎಂದು ಒಂದು ಸಾಲು ಸೇರುತ್ತದೆಂದರೆ ಅರ್ಜಿ ಹಿಡಿದು ಓಡುತ್ತಾರೆ. ಬೈದುಬಿಡೋಣ ಎನಿಸುತ್ತದೆ.

ಆದರೆ ಟೆಕ್ಸಾಸಿನ ವಾಲರ್ ಕೌಂಟಿ ನೆನಪಾದರೆ ತಮಾಷೆ ಗಂಟಲಲ್ಲೇ ಉಳಿಯುತ್ತದೆ. ಹದಿನೆಂಟಕ್ಕೆ ಮತದಾನದ ಹಕ್ಕು ಕೊಟ್ಟ ಸಂವಿಧಾನ ತಿದ್ದುಪಡಿ 1971ರದು. ಅದಾದ ಮೇಲೂ ಪ್ರೇರಿ ವ್ಯೂ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಮತದಾರರ ಪಟ್ಟಿಗೆ ಹೆಸರು ಕೊಡಲು ಹೋದರೆ ಅಧಿಕಾರಿ ಪ್ರಶ್ನಾವಳಿ ಮುಂದಿಡುತ್ತಿದ್ದ: ಇಲ್ಲಿ ಆಸ್ತಿ ಇದೆಯೇ, ಓದಿನ ನಂತರವೂ ಇಲ್ಲೇ ಇರುತ್ತೀರಾ? ಅವನಿಗೆ ಪರಿಚಯವಿದ್ದ ಊರವರನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಇದು ತಪ್ಪು ಎಂಬುದು ಸುಪ್ರೀಂ ಕೋರ್ಟ್‌ನಲ್ಲಿ ಗಟ್ಟಿಯಾಗಲು 1979 ಬರಬೇಕಾಯಿತು. ಅಷ್ಟು ಹೊತ್ತಿಗೆ ಮೊದಲು ಅರ್ಜಿ ಕೊಟ್ಟವರು ಓದು ಮುಗಿಸಿ ಎಲ್ಲೆಲ್ಲಿಗೋ ಹೋಗಿದ್ದರು. ಕೋರ್ಟಿನ ಮೆಟ್ಟಿಲು ಹತ್ತಿ ಪಡೆದ ಮತ ಅದು. ಅದನ್ನು ಎಣಿಕೆಗೆ ಬರದ ಹಾಗೆ ವಾರ್ಡುಗಳಲ್ಲಿ, ರಜೆಗಳಲ್ಲಿ ಕರಗಿಸಿ, ಕೈಗೆ ಸಲಹಾ ಆಯೋಗದ ಬಿಲ್ಲೆ ಕೊಟ್ಟು ಫೋಟೊ ತೆಗೆಸಿಕೊಳ್ಳುವವರನ್ನು ನೋಡಿದರೆ ನಗುವ ತ್ರಾಣವೂ ಉಳಿಯುವುದಿಲ್ಲ. ಚುನಾವಣೆಯನ್ನು ಕಾಲೇಜು ತೆರೆದಿರುವ ತಿಂಗಳಿಗೆ ತನ್ನಿ, ವಾರ್ಡಿನ ಗೆರೆಯನ್ನು ಕ್ಯಾಂಪಸ್ಸಿನ ಎದೆಯ ಮೇಲೆ ಎಳೆಯಬೇಡಿ. ಇದಕ್ಕೆ ಯಾವ ಆಯೋಗದ ಸಲಹೆಯೂ ಬೇಕಿಲ್ಲ.

ಆ ಬದಲಾವಣೆ ಬರುವುದಿಲ್ಲ, ಬಿಡಿ. ಮೊದಲ ಸಭೆಯಲ್ಲಿ ಅಧ್ಯಕ್ಷರ ಆಯ್ಕೆ, ಎರಡನೆಯದರಲ್ಲಿ ಲಾಂಛನದ ಬಣ್ಣ, ಮೂರನೆಯದರಲ್ಲಿ ಕೋರಂ ಇಲ್ಲದ ಕಾರಣ ಮುಂದೂಡಿಕೆ. ಬಾಡಿಗೆಯ ವಿಷಯ ನಾಲ್ಕನೆಯ ಕಾರ್ಯಸೂಚಿಯಲ್ಲಿ ಇದೆಯಂತೆ, 'ಸಮಯವಿದ್ದರೆ'.