ಮೆತ್ತನೆಯ ರಾಕೆಟ್ ಹೊಸಬರಿಗಷ್ಟೇ ಅಲ್ಲ

ಮಧ್ಯಮ ಹಂತಕ್ಕೆ ಬಂದ ಪ್ಯಾಡೆಲ್ (ಗಾಜಿನ ಗೋಡೆಗಳ ನಡುವೆ ಆಡುವ, ಟೆನಿಸ್‌ನಂಥ ಆಟ) ಆಟಗಾರರು ಮೆತ್ತನೆಯ ರಾಕೆಟ್ ಬಿಟ್ಟು ಗಡಸು ಕಾರ್ಬನ್ ರಾಕೆಟ್ ಹಿಡಿಯಬೇಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ಈ ಹಂತದಲ್ಲಿ ನಾವು ಹೆಚ್ಚು ಅಂಕ ಕಳೆದುಕೊಳ್ಳುವುದು ಸ್ಮ್ಯಾಶ್‌ನಲ್ಲಿ ಬಲ ಸಾಲದೆ ಅಲ್ಲ. ಹಿಂದಿನ ಗಾಜಿಗೆ ಬಡಿದು ತಗ್ಗಿನಲ್ಲೇ ಬರುವ ಚೆಂಡನ್ನು ಎತ್ತಲಾಗದೆ. ಅಲ್ಲಿ ಕೈ ಬೀಸಲು ಜಾಗವೇ ಇರುವುದಿಲ್ಲ. ಮೊಣಕಾಲು ಬಗ್ಗಿಸಿ, ರಾಕೆಟ್ಟನ್ನು ಚೆಂಡಿನ ಕೆಳಗಿಟ್ಟು ಮೆಲ್ಲನೆ ಮೇಲಕ್ಕೆ ತಳ್ಳಿದರೆ ಸಾಕು, ರಾಕೆಟ್ಟಿನೊಳಗಿನ ಮೆತ್ತನೆಯ ಇವಿಎ (ಒಂದು ಬಗೆಯ ಫೋಮ್) ತಿರುಳು ಒಳಕ್ಕೆ ಒತ್ತಿಕೊಂಡು ಚೆಂಡನ್ನು ತಾನೇ ಚಿಮ್ಮಿಸುತ್ತದೆ. ಲಾಬ್, ಅಂದರೆ ಹೀಗೆ ಎತ್ತರಕ್ಕೆ ಎತ್ತಿದ ಚೆಂಡು, ಎದುರಾಳಿಗಳ ತಲೆಯ ಮೇಲಿಂದ ಹಾದುಹೋಗುತ್ತದೆ. ಗಡಸು ರಾಕೆಟ್ಟಿನಲ್ಲಿ ಅದೇ ಚೆಂಡು ನೆಟ್ ಬಳಿಯೇ ಇಳಿದು ಅವರ ಸ್ಮ್ಯಾಶ್‌ಗೆ ತುತ್ತಾಗುತ್ತದೆ. ಜೋರಾಗಿ ಹೊಡೆದಾಗ ಮೆತ್ತನೆಯದು ಸ್ವಲ್ಪ ಬಲ ನುಂಗುತ್ತದೆ, ನಿಜ. ಆ ನಷ್ಟ ನನಗೆ ಒಪ್ಪಿಗೆ.

ಇನ್ನು ಕಾರ್ಬನ್ ರಾಕೆಟ್‌ಗಳ ಮೇಲೆ ಕಾಣುವ 3ಕೆ, 12ಕೆ, 18ಕೆ ಎಂಬುದು ಕಾರ್ಬನ್ ನೂಲಿನಲ್ಲಿ ಎಷ್ಟು ಸಾವಿರ ಎಳೆಗಳಿವೆ ಎಂಬುದನ್ನಷ್ಟೇ ಹೇಳುತ್ತದೆ. ಅದೊಂದರಿಂದಲೇ ಗಡಸುತನ ತಿಳಿಯುವುದಿಲ್ಲ. ತಿರುಳು ಯಾವುದು, ಮೇಲ್ಮೈ ಫೈಬರ್‌ಗ್ಲಾಸೋ ಕಾರ್ಬನ್ನೋ ಎಂದು ಮೊದಲು ಕೇಳಿ. ದುಂಡನೆಯ ಆಕಾರ, ಹಿಡಿಯ ಕಡೆಗೆ ತೂಕ, ಒಟ್ಟು 350ರಿಂದ 365 ಗ್ರಾಂ ಇದ್ದರೆ ಮೊಣಕೈಗೂ ಹಿತ.

ಬೆಂಗಳೂರಿನಲ್ಲಿ ಆಡುವವರು ಇನ್ನೊಂದನ್ನು ಗಮನಿಸಬೇಕು: ತೆರೆದ ಕೋರ್ಟಿನ ಏಪ್ರಿಲ್ ಬಿಸಿಲಿಗೆ ಇವಿಎ ಇನ್ನಷ್ಟು ಮೆತ್ತಗಾಗುತ್ತದೆ, ಡಿಸೆಂಬರ್ ಮುಂಜಾನೆಯ ಚಳಿಗೆ ಬಿಗಿಯುತ್ತದೆ. ದಯವಿಟ್ಟು ರಾಕೆಟ್ಟನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟುಹೋಗಬೇಡಿ, ಆ ಶಾಖಕ್ಕೆ ತಿರುಳು ಬೇಗ ಕೆಡುತ್ತದೆ.