ಮುಂದಿನ ಮೆಟಾಲಿಕಾ ಆಲ್ಬಂ: ಹಿಂಡಬೇಡ್ರಪ್ಪಾ, ಸಾಕು

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಮುಂದಿನ ಆಲ್ಬಂ ಯಾವಾಗ, ಹಾಡು ಎಷ್ಟು, ಗಿಟಾರಿಸ್ಟ್ ಕರ್ಕ್ ಸೋಲೋ ಎಷ್ಟು ಉದ್ದ? ಇವತ್ತು ಬೆಳಿಗ್ಗೆಯೂ ಇದೇ ಚರ್ಚೆ ನೋಡಿ ತಲೆ ಕೆಟ್ಟಿತು. ಸೌಂಡನ್ನ ಎಷ್ಟು ಹಿಂಡ್ತಾರೆ, ಅಂದರೆ ಏರಿಳಿತ ಅದುಮಿ ಎಲ್ಲವನ್ನೂ ಎಷ್ಟು ಒಂದೇ ಜೋರಿಗೆ ತರ್ತಾರೆ ಅಂತ ಒಬ್ಬರಾದರೂ ಕೇಳಬಾರದೇ? ನನ್ನದು ಯಾವಾಗಲೂ ಇದೇ ರಾಗ ಅಂತ ಗೊತ್ತಿರೋರು ಕ್ಷಮಿಸಿ, ಇನ್ನೊಂದು ಸಲ ಹಾಡ್ತೀನಿ.

2008ರ ಡೆತ್ ಮ್ಯಾಗ್ನೆಟಿಕ್ ತಗೊಳ್ಳಿ. ರಿಫ್‌ಗಳಿಗೆ ಹೆಸರಿಡೋ ಹಾಗಿಲ್ಲ. ಆದರೆ ಸಿ.ಡಿ.ಯನ್ನ ಡೈನಾಮಿಕ್ ರೇಂಜ್ ಮೀಟರಿಗೆ ಹಾಕಿದರೆ ಬರೋದು ಡಿಆರ್ 3. ಅಂದರೆ ಡ್ರಮ್ಮಿನ ಗಟ್ಟಿ ಪೆಟ್ಟಿಗೂ ಸುತ್ತಲಿನ ಸದ್ದಿಗೂ ಹೆಚ್ಚುಕಮ್ಮಿ 3 ಡೆಸಿಬಲ್ ಅಂತರ. ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದರೆ ಅಲೆ ಕಾಣಲ್ಲ, ಜಂಬಿಟ್ಟಿಗೆ ಜೋಡಿಸಿಟ್ಟ ಹಾಗಿರುತ್ತೆ. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೊ ಆಟಕ್ಕೆ ಬೇರೆಬೇರೆ ಟ್ರ್ಯಾಕ್ ಆಗಿ, ಹಿಂಡೋ ಮೊದಲೇ ಹೋಗಿದ್ದರಿಂದ ಆಟದೊಳಗಿನ ಸೌಂಡೇ ಸಿ.ಡಿ.ಗಿಂತ ಚೆನ್ನಾಗಿತ್ತು. ದುಡ್ಡು ಕೊಟ್ಟು ಸಿ.ಡಿ. ಕೊಂಡವರಿಗಿಂತ ಪ್ಲಾಸ್ಟಿಕ್ ಗಿಟಾರ್ ಹಿಡಿದ ಮಕ್ಕಳೇ ಪುಣ್ಯವಂತರು! ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಸೌಂಡಿಗೆ ಕೊಡೋ ಕೊನೆಯ ಹದ) ಮಾಡಿದ ಟೆಡ್ ಜೆನ್ಸನ್ ಅವರೇ, ತನ್ನ ಕೈಗೆ ಬರುವಾಗಲೇ ಮಿಕ್ಸ್ ಹಿಂಡಿಹೋಗಿತ್ತು ಅಂದಿದ್ದರು. ಆ ಆಲ್ಬಂನಲ್ಲಿ ಎಂಜಿನಿಯರ್ ಆಗಿದ್ದ ಗ್ರೆಗ್ ಫಿಡೆಲ್‌ಮನ್ 2016ರ ಹಾರ್ಡ್‌ವೈರ್ಡ್‌ಗೂ 2023ರ 72 ಸೀಸನ್ಸ್‌ಗೂ ನಿರ್ಮಾಪಕರಲ್ಲೊಬ್ಬರು. ಅವು 2008ರಷ್ಟು ಕೆಟ್ಟದಾಗಿಲ್ಲ, ಒಪ್ಪಿದೆ. ಆದರೂ ಕೈ ಅದೇ ಇದ್ದರೆ ಭಯ ಹೋಗೋದು ಹೇಗೆ?

ಹಿಂಡಿದಾಗ ಹಾಳಾಗೋದು ಏನು ಅಂತ ಸ್ವಲ್ಪ ನೋಡಿ. ಡಿಸ್ಟಾರ್ಷನ್ ಹಾಕಿದ ಗಿಟಾರ್ ಆಂಪ್‌ನಲ್ಲೇ ಚಪ್ಪಟೆಯಾಗಿ ಬಂದಿರುತ್ತೆ, ಅದರಲ್ಲಿ ಕತ್ತರಿಸೋಕೆ ಎತ್ತರವೇ ಇಲ್ಲ. ಎತ್ತರಕ್ಕೆ ಏಳೋದು ಡ್ರಮ್ಮಿನ ಸ್ನೇರ್ (ಚಟ್ ಅನ್ನೋದು) ಮತ್ತು ಕಿಕ್ (ಕಾಲಲ್ಲಿ ಬಾರಿಸೋ ದಪ್ಪ ಡ್ರಮ್) ಮಾತ್ರ. ಸದ್ದು ಒಂದು ಮಿತಿ ದಾಟದ ಹಾಗೆ ತಡೆಯೋ ಲಿಮಿಟರ್ ತಲೆ ಕಡಿಯೋದು ಅವುಗಳದ್ದೇ. ಇನ್ನೂ ಒತ್ತಿದರೆ ಪ್ರತಿ ಕಿಕ್ಕಿಗೂ ಗಿಟಾರ್ ಒಳಗೆ ಸರಿದು ಮತ್ತೆ ಹೊರಗೆ ಬರುತ್ತೆ, ಏದುಸಿರು ಬಿಟ್ಟ ಹಾಗೆ. ಅದಕ್ಕೂ ಮೀರಿದರೆ ಕ್ಲಿಪ್ಪಿಂಗ್, ಅಂದರೆ ಪರಪರ ಸದ್ದು. 2003ರ ಸೇಂಟ್ ಆಂಗರ್ ಆಲ್ಬಂನಲ್ಲಿ ಸ್ನೇರಿನ ಕೆಳಗಿನ ತಂತಿ ಬಿಚ್ಚಿ ಬಾರಿಸಿದರು ಅಂತ ಆಗಿನಿಂದ ಡ್ರಮ್ಮರ್ ಲಾರ್ಸ್ ಅವರನ್ನ ಆಡಿಕೊಂಡು ನಗ್ತಿದ್ದೀವಿ. 2008ರಲ್ಲಿ ಪಾಪ, ಸರಿಯಾಗಿ ಬಾರಿಸಿದ ಸ್ನೇರೇ ನಮ್ಮ ಕಿವಿಗೆ ತಲುಪಲಿಲ್ಲ.

‘ಮೆಟಲ್ ಅಂದ್ರೆ ಜೋರಾಗಿರ್ಬೇಕು ಗುರು’ ಅಂತಾರೆ. ಇರಲಿ, ಬೇಡ ಅಂದವರ್ಯಾರು? ಜೋರು ಮಾಡೋಕೆ ನಿಮ್ಮ ಹತ್ತಿರ ವಾಲ್ಯೂಮ್ ಇದೆ. ಯಕ್ಷಗಾನದಲ್ಲಿ ಮದ್ದಳೆ ಮೆಲ್ಲಗೆ ನುಡೀತಿರುವಾಗ ಚೆಂಡೆಗೆ ಪೆಟ್ಟು ಬಿದ್ದರೆ ಮೈ ಜುಮ್ ಅನ್ನುತ್ತೆ. ರಾತ್ರಿಯಿಡೀ ಚೆಂಡೆಯೇ ಆದರೆ ನಿದ್ದೆ ಬರುತ್ತೆ. 1988ರ ‘ಒನ್’ ಹಾಡಲ್ಲಿ ಮೆಲುವಾದ ಗಿಟಾರಿನಿಂದ ಡಬಲ್ ಕಿಕ್ ತನಕ ಏರೋ ಆ ದಾರಿ ಇದೆಯಲ್ಲ, ಅದು ಅದೇ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕಛೇರಿಗೆ ನಿಂತಿದ್ದವರನ್ನ ಕೇಳಿ, ಕಿಕ್ ಎದೆಗೆ ಬಡಿಯೋದು ಅಂದರೆ ಏನು ಅಂತ ಹೇಳ್ತಾರೆ.

ಇನ್ನೂ ಸಿಟ್ಟು ಬರೋದು ಈ ಕಾಲದಲ್ಲಿ ಹಿಂಡಿದರೂ ಲಾಭ ಇಲ್ಲದೇ ಇರೋದಕ್ಕೆ. ಸ್ಪಾಟಿಫೈನ ನಾರ್ಮಲೈಸೇಷನ್ ಎಲ್ಲ ಹಾಡನ್ನೂ ಸುಮಾರು –14 ಎಲ್‌ಯುಎಫ್‌ಎಸ್‌ಗೆ ತಂದು ನಿಲ್ಲಿಸುತ್ತೆ (ಅದು ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). –6ಕ್ಕೆ ಹಿಂಡಿ ಕೊಟ್ಟರೆ 8 ಡೆಸಿಬಲ್ ಇಳಿಸಿ ಹಾಕ್ತಾರೆ. ಜೋರೂ ಹೋಯ್ತು, ಪೆಟ್ಟೂ ಹೋಯ್ತು. –10ರ ಆಸುಪಾಸಲ್ಲಿ ನಿಲ್ಲಿಸಿ, ಟ್ರೂ ಪೀಕ್ (ಅಲೆಯ ನಿಜವಾದ ತುದಿ) –2 ಡೆಸಿಬಲ್ ದಾಟದ ಹಾಗೆ ಇಟ್ಟರೆ ಸಾಕಪ್ಪಾ. –14ಕ್ಕಿಂತ ಜೋರಿರೋ ಮಾಸ್ಟರಿಗೆ ಸ್ಪಾಟಿಫೈ ಹೇಳೋದೂ ಆ –2ನ್ನೇ, ಫೈಲ್ ಕುಗ್ಗಿಸುವಾಗ ಶಿಖರಗಳು ಇನ್ನಷ್ಟು ಎದ್ದು ಒಡೆಯುತ್ತವೆ ಅಂತ.

‘ಹಾಗಾದ್ರೆ ವಿನೈಲ್ ತಗೋ’ ಅನ್ನೋ ಜಾಣರಿಗೆ: ಹಿಂಡಿದ ಮಾಸ್ಟರನ್ನೇ ವಿನೈಲಿಗೆ ಕೊರೆದರೂ ಮೀಟರಿನಲ್ಲಿ ಡಿಆರ್ ಜಾಸ್ತಿ ಬರುತ್ತೆ. ಕೊರೆಯುವಾಗ, ನುಡಿಸುವಾಗ ಫೇಸ್ (ಅಲೆಗಳ ಹೊಂದಿಕೆ) ಸರಿದು ಶಿಖರಗಳು ಏಳೋದರಿಂದ ಹಾಗೆ. ಅದು ವಾಪಸ್ ಬಂದ ಜೀವ ಅಲ್ಲ, ಮೀಟರಿನ ಭ್ರಮೆ.

ಉದ್ದದ ಮಾತು ಬೇರೆ. 72 ಸೀಸನ್ಸ್ 12 ಹಾಡು, 77 ನಿಮಿಷ. ಮಾಸ್ಟರ್ ಆಫ್ ಪಪೆಟ್ಸ್ 8 ಹಾಡು, 55 ನಿಮಿಷದ ಒಳಗೆ. ಇನ್ನೊಂದು ಮೆಟಲ್ ಬ್ಯಾಂಡ್ ಸ್ಲೇಯರ್ ತಮ್ಮ ರೇನ್ ಇನ್ ಬ್ಲಡ್ ಆಲ್ಬಂ ಅನ್ನ 29 ನಿಮಿಷದಲ್ಲಿ ಮುಗಿಸಿ ಎದ್ದು ಹೋದರು. ಒಂದೇ ಎತ್ತರದ ಸದ್ದನ್ನ 77 ನಿಮಿಷ ಕೇಳಿದರೆ ಏಳನೇ ಹಾಡಿಗೇ ಕಿವಿ ಸೋಲುತ್ತೆ. ಆಮೇಲೆ ‘ಕೊನೆಯ ಹಾಡುಗಳು ಸಪ್ಪೆ’ ಅಂತ ಬರೀತೀವಿ.

ಇಷ್ಟು ಬೈದರೂ ಹೊಸ ಆಲ್ಬಂ ಬಂದ ದಿನವೇ ಮೂರು ಸಲ ಕೇಳೋ ಗಿರಾಕಿ ನಾನೇ, ಗೊತ್ತು. ನೀವೂ ಒಂದು ಕೆಲಸ ಮಾಡಿ. ನಾರ್ಮಲೈಸೇಷನ್ ಆನ್ ಮಾಡಿ ಮೊದಲು ‘ಒನ್’ ಹಾಕಿ. ವಾಲ್ಯೂಮ್ ಮುಟ್ಟದೆ ಹೊಸ ಹಾಡು ಹಾಕಿ. ಗಿಟಾರ್ ಮರೆತು ಸ್ನೇರ್ ಒಂದನ್ನೇ ಕೇಳಿ. ಅದು ಗೋಡೆಯ ಆಚೆ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸಿದರೆ ನನಗೊಂದು ಮೆಸೇಜ್ ಹಾಕಿ, ಜೊತೆಗೆ ಕೂತು ಬೈಯೋಣ.